ಜಲ್ಲಿ ಸೈಕಲ್ಲಿನ ಅಳತೆ

ಒಂದು ಲಕ್ಷದ ಅರವತ್ತೈದು ಸಾವಿರಕ್ಕೆ ಒಂದು ಸೈಕಲ್ಲು ಎಂಬ ಮಾತು ಆ ಮನೆಯಲ್ಲಿ ಮೊದಲ ಸಲ ಬಿದ್ದದ್ದು ಭಾನುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ. ಎಣ್ಣೆಗಾಯಿ ಬಡಿಸುತ್ತಿದ್ದ ಜಲಜಳ ಸೌಟು ಅಲ್ಲೇ ನಿಂತಿತು. ಅವಳ ಗಂಡ ರುದ್ರೇಶ್ ರೊಟ್ಟಿ ಮುರಿಯುವುದು ಬಿಟ್ಟು ಮಗಳ ಮುಖ ನೋಡಿದ; ತಮಾಷೆಯೇ ಇರಬೇಕು ಎಂದುಕೊಂಡು ಮತ್ತೆ ರೊಟ್ಟಿಗೆ ಕೈಹಾಕಿದ. ಆದರೆ ಅಮೂಲ್ಯ ದುಡ್ಡಿನ ವಿಷಯದಲ್ಲಿ ತಮಾಷೆ ಮಾಡುವವಳಲ್ಲ. ಇಪ್ಪತ್ತೈದು ವರ್ಷದ ಅವಳು ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ, ಲೇಥಿನಿಂದ ಇಳಿದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸದಲ್ಲಿದ್ದಳು. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲು ವಾಪಸು ಕಳಿಸುವವಳು, ಮನೆಯಲ್ಲೂ ಲೆಕ್ಕ ಹಾಕಿಯೇ ಬಾಯಿ ಬಿಡುತ್ತಿದ್ದಳು.

ಎರಡು ವರ್ಷದಿಂದ ಕೂಡಿಡುತ್ತಿದ್ದೇನೆ, ಯಾರ ಹತ್ತಿರವೂ ಒಂದು ಪೈಸೆ ಕೇಳುವುದಿಲ್ಲ, ಇನ್ನು ನಾಲ್ಕು ತಿಂಗಳ ಸಂಬಳ ಸೇರಿದರೆ ಆಯಿತು ಎಂದು ಅವಳು ವಿವರಿಸಿದಳು. ಅದಕ್ಕೆ ಹೆಸರು ಗ್ರಾವೆಲ್ ಬೈಕು. ಡಾಂಬರಿನ ಮೇಲೂ ಓಡುತ್ತದೆ, ಜಲ್ಲಿ ಮಣ್ಣಿನ ದಾರಿಯಲ್ಲೂ ಓಡುತ್ತದೆ.

“ಆ ದುಡ್ಡಿಗೆ ಎರಡು ಸ್ಕೂಟಿ ಬರುತ್ತೆ” ಅಂದ ರುದ್ರೇಶ್. “ಪೆಟ್ರೋಲ್ ಹಾಕಿದ್ರೆ ಅದು ತಾನಾಗೇ ಓಡುತ್ತೆ. ಇದನ್ನ ದುಡ್ಡೂ ಕೊಟ್ಟು ನೀನೇ ತುಳೀಬೇಕು.”

ಅಜ್ಜಿ ವೀರಮ್ಮನಿಗೆ ಬೇರೆಯೇ ಚಿಂತೆ. ಅದಕ್ಕೆ ಕ್ಯಾರಿಯರ್ ಇದೆಯೇ ಎಂದು ಕೇಳಿದಳು. ಇಲ್ಲ ಎಂದಳು ಮೊಮ್ಮಗಳು. ಸ್ಟ್ಯಾಂಡು? ಅದೂ ಇಲ್ಲ. ಮಡ್‌ಗಾರ್ಡು? ಬೇಕಾದರೆ ಆಮೇಲೆ ಹಾಕಿಸಬಹುದು.

“ಮತ್ತೆ ಯಾತಕ್ಕೆ ಅಷ್ಟು ದುಡ್ಡು ತಗೋತಾನೆ ಅವನು? ಏನೂ ಕೊಡದೇ ಇರೋದಕ್ಕಾ?”

ರುದ್ರೇಶನ ಸಂಕಟ ದುಡ್ಡಿನ ಮೊತ್ತದ್ದಷ್ಟೇ ಅಲ್ಲ. ಸವಳಂಗ ರಸ್ತೆಯ ಒಂದು ಕ್ರಾಸಿನಲ್ಲಿ ಅವರ ಮನೆ; ಮುಖ್ಯರಸ್ತೆಯಲ್ಲಿ ಅವನದು ಝೆರಾಕ್ಸ್ ಅಂಗಡಿ. ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡೋಣವೆಂದು ಮಹಡಿ ಮೇಲೆ ಒಂದು ರೂಮು ಎಬ್ಬಿಸಿದ್ದ. ನಾಲ್ಕು ಗೋಡೆ ಎದ್ದು ಒಂದೂವರೆ ವರ್ಷವಾಗಿತ್ತು, ಮೇಲೆ ಹೊದಿಸುವ ಶೀಟಿಗೆ ದುಡ್ಡು ಸಾಲದೆ ರೂಮು ಬಾಯಿ ತೆರೆದುಕೊಂಡು ಕೂತಿತ್ತು. ಮಗಳ ಉಳಿತಾಯದ ಮೇಲೆ ಅವನು ಬಾಯಿಬಿಟ್ಟು ಹೇಳದೆ ಕಣ್ಣಿಟ್ಟಿದ್ದ. ಅವತ್ತು ಬಾಯಿಬಿಟ್ಟೇ ಹೇಳಿದ. ಅವಳು ಅಷ್ಟೇ ನೇರವಾಗಿ ಕೊಡುವುದಿಲ್ಲ ಎಂದಳು. ತಿಂಗಳಿಗೆ ಎಂಟು ಸಾವಿರ ಮನೆಗೆ ಕೊಡುತ್ತಿದ್ದೇನೆ, ಅದು ನಿಲ್ಲುವುದಿಲ್ಲ, ಇದು ಮಾತ್ರ ನನ್ನದು. ಅಪ್ಪ ಮಗಳು ಇಬ್ಬರೂ ಮುಖ ಊದಿಸಿಕೊಂಡರು, ಮಜ್ಜಿಗೆ ಯಾರಿಗೂ ರುಚಿಸಲಿಲ್ಲ.

ಇಷ್ಟು ಹೊತ್ತೂ ಮೂಲೆಯಲ್ಲಿ ಸುಮ್ಮನೆ ಉಣ್ಣುತ್ತಿದ್ದವರು ಅಜ್ಜ ಪರಮೇಶ್ವರಪ್ಪ. ವಯಸ್ಸು ಎಪ್ಪತ್ತಾರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಕರಗಿದ ಉಕ್ಕನ್ನು ಎರೆಯುವುದಕ್ಕೆ ಮೊದಲು ಆ ವಸ್ತುವಿನದೇ ಆಕಾರದ ಮರದ ಮಾದರಿಯೊಂದು ಬೇಕಲ್ಲ, ಅದನ್ನು ಕೆತ್ತುತ್ತಿದ್ದ ಕೈ ಅವರದು. ಈಗ ಮನೆಯಲ್ಲಿ ಅವರ ಪಾಲಿಗೆ ಉಳಿದದ್ದು ಎರಡು ಕೆಲಸ: ಬೆಳಿಗ್ಗೆ ಹಾಲು ತರುವುದು, ಟ್ಯಾಂಕು ತುಂಬಿದ ಕೂಡಲೇ ಮೋಟರ್ ಆಫ್ ಮಾಡುವುದು. ಮಿಕ್ಕ ಹೊತ್ತು, ಜಲಜ ಕಸ ಗುಡಿಸುವಾಗ ಎಲ್ಲಿ ಕೂತರೆ ಅಡ್ಡವಾಗುವುದಿಲ್ಲ ಎಂದು ಜಾಗ ಹುಡುಕುವುದು.

“ರೆಡಿಮೇಡು ಸಿಗಲ್ವೇನಮ್ಮ ಅದು?” ಎಂದು ಅವರು ಕೇಳಿದರು.

“ಸಿಗುತ್ತೆ ಅಜ್ಜ. ಆದ್ರೆ ಎಲ್ಲ ಗಂಡಸರ ಅಳತೆಗೆ. ನಂಗೆ ಕತ್ತು ನೋವು ಬರುತ್ತೆ. ಇದು ನನ್ನ ಕೈಕಾಲಿನ ಅಳತೆ ತಗೊಂಡು ಮಾಡೋದು.”

ಅಳತೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪರಮೇಶ್ವರಪ್ಪನವರು ನೆಟ್ಟಗೆ ಕೂತರು. ಯಾರು ಮಾಡುತ್ತಾರೆ, ಯಾವ ಕಬ್ಬಿಣ, ಕೊಳವೆಯ ಗೋಡೆ ಎಷ್ಟು ದಪ್ಪ, ಬೆಸುಗೆ ಎಂಥದ್ದು ಎಂದು ಒಂದರ ಮೇಲೊಂದು ಕೇಳಿದರು. ಎದುರಿಗೆ ಕೂತಿದ್ದ ಮಗ ಅಪ್ಪನನ್ನು ದುರುಗುಟ್ಟಿ ನೋಡಿದ. ಅಪ್ಪ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮಾಡುವವನು ಯೋಗೇಶ್ ಎಂಬ ಮೂವತ್ತೈದರ ಬೆಸುಗೆಯವನು. ಭದ್ರಾವತಿಯವನೇ. ಹಿಂದೆ ಟ್ರ್ಯಾಕ್ಟರ್ ಟ್ರೈಲರಿಗೆ ವೆಲ್ಡಿಂಗ್ ಮಾಡುತ್ತಿದ್ದವನು, ಐದು ವರ್ಷದಿಂದ ಮಾಚೇನಹಳ್ಳಿಯ ಒಂದು ಶೆಡ್ಡಿನಲ್ಲಿ ಸೈಕಲ್ಲಿನ ಫ್ರೇಮು ಕಟ್ಟುತ್ತಿದ್ದ. ವರ್ಷಕ್ಕೆ ಹತ್ತೋ ಹನ್ನೆರಡೋ, ಅದಕ್ಕಿಂತ ಹೆಚ್ಚು ಒಪ್ಪಿಕೊಳ್ಳುತ್ತಿರಲಿಲ್ಲ. ಫ್ರೇಮು ಅವನು ಮಾಡಿಕೊಡುವುದು. ಗೇರು, ಚಕ್ರ, ಬ್ರೇಕು, ಸೀಟು ಇತ್ಯಾದಿ ಅಮೂಲ್ಯಳೇ ಒಂದೊಂದಾಗಿ ಕೊಂಡು ತರುವುದು ಎಂದು ಮಾತಾಗಿತ್ತು.

ಅಲ್ಲಿಂದಾಚೆಗೆ ಪರಮೇಶ್ವರಪ್ಪನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊಮ್ಮಗಳು ಬೀರುವಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದಳು, ಮೂವತ್ತೊಂದು ಸಾಮಾನಿನದು. ಬಂದದ್ದಕ್ಕೆ ಹಸಿರು ಗುರುತು ಹಾಕುವ ಹಕ್ಕನ್ನು ಅಜ್ಜ ತಾವೇ ವಹಿಸಿಕೊಂಡರು. ಕೊರಿಯರ್‌ನವನ ಬೈಕಿನ ಸದ್ದು ಕ್ರಾಸಿನ ತುದಿಯಲ್ಲಿ ಕೇಳಿದರೆ ಸಾಕು, ಗೇಟಿನ ಹತ್ತಿರ ಅವರು. ಡಬ್ಬ ಬಂದರೆ ಅವಳು ಸಂಜೆ ಬರುವವರೆಗೂ ತೆರೆಯುವ ಹಾಗಿಲ್ಲ. ಅಲ್ಲಾಡಿಸಿ ನೋಡಿ, ತೂಕ ಮಾಡಿ, ಟೀಪಾಯಿ ಮೇಲಿಟ್ಟು ಅದರ ಎದುರಿಗೇ ಪೇಪರ್ ಓದುತ್ತ ಕೂರುವರು. ಟೈರು ಬಂದ ದಿನ ವೀರಮ್ಮನೂ ಬಂದು ಮೂಸಿ ನೋಡಿದಳು. ಬೆಲೆ ಕೇಳಿ ದೂರ ಸರಿದಳು.

ಅಮೂಲ್ಯ ದುಡ್ಡು ಉಳಿಸುತ್ತಿದ್ದ ರೀತಿ ನೋಡಿದರೆ ಜಲಜಳಿಗೆ ಒಮ್ಮೆ ಹೆಮ್ಮೆ, ಒಮ್ಮೆ ಸಿಟ್ಟು. ಸ್ಕೂಟಿ ಮಾರಿ ಕಾರ್ಖಾನೆಗೆ ಹಳೆಯ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದಳು. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಇಬ್ಬರಿಗೆ ಗಣಿತ ಹೇಳಿಕೊಡುತ್ತಿದ್ದಳು. ಸೋದರತ್ತೆಯ ಮಗಳ ಮದುವೆಗೆ ಹೊಸ ಸೀರೆ ಬೇಡವೆಂದು ಅಮ್ಮನ ಹಳೆಯ ರೇಷ್ಮೆಯನ್ನೇ ಉಟ್ಟುಕೊಂಡು ಬಂದಾಗ ಮಾತ್ರ ಜಲಜ ತಡೆದುಕೊಳ್ಳಲಿಲ್ಲ.

“ನೆಂಟರೆಲ್ಲ ಏನಂದ್ಕೊಳಲ್ಲ ಮಾರಾಯ್ತಿ? ದುಡಿಯೋ ಮಗಳಿಗೆ ಒಂದು ಸೀರೆ ಕೊಡಿಸಲಿಲ್ಲ ಅಂತಾರೆ.”

“ಸೀರೆ ಕೊಡಿಸೋದಾದ್ರೆ ಆ ದುಡ್ಡು ಕೊಟ್ಟುಬಿಡಮ್ಮ. ಪೆಡಲ್ ತಗೋತೀನಿ.”

ಜಲಜ ಎರಡು ದಿನ ಮಗಳ ಡಬ್ಬಿಗೆ ಬರಿಯ ಮೊಸರನ್ನ ಹಾಕಿ ಸೇಡು ತೀರಿಸಿಕೊಂಡಳು. ಮೂರನೆಯ ದಿನ ಸದ್ದಿಲ್ಲದೆ ಎರಡು ಸಾವಿರ ರೂಪಾಯಿ ತಂದು ಮಗಳ ಪರ್ಸಿನಲ್ಲಿಟ್ಟಳು. ಅಪ್ಪನಿಗೆ ಹೇಳಬೇಡ ಅಂದಳು.

ಸಂಜೆಹೊತ್ತು ಅಜ್ಜ ಮೊಮ್ಮಗಳು ಫೋನಿನಲ್ಲಿ ನಕ್ಷೆ ಬಿಡಿಸಿಕೊಂಡು ಕೂರುತ್ತಿದ್ದರು. ಹೆದ್ದಾರಿ ಮುಟ್ಟದೆ, ನಾಲೆಯ ಏರಿಯ ಮೇಲೇ ಸಾಗಿ ಭದ್ರಾವತಿ ಸೇರುವುದು ಅವಳ ಮೊದಲ ಸವಾರಿ. ಎರಡನೆಯದು ಸಕ್ರೆಬೈಲಿನ ಕಡೆ, ಬೆಳಿಗ್ಗೆ ಆನೆಗಳನ್ನು ಹೊಳೆಗೆ ಇಳಿಸುವ ಹೊತ್ತಿಗೆ. ಏರಿಯ ದಾರಿಯಲ್ಲಿ ಎಲ್ಲೆಲ್ಲಿ ತೂಬಿದೆ, ಎಲ್ಲಿ ಸೇತುವೆ ಮುರಿದಿದೆ ಎಂದು ಪರಮೇಶ್ವರಪ್ಪನವರು ನಲವತ್ತು ವರ್ಷದ ಹಿಂದಿನ ಸಮಾಚಾರ ಕೊಡುತ್ತಿದ್ದರು. ಅದರಲ್ಲಿ ಅರ್ಧ ಈಗ ಸುಳ್ಳಾಗಿತ್ತು. ಆದರೂ ಅವಳು ಬರೆದುಕೊಳ್ಳುತ್ತಿದ್ದಳು, ಇವರಿಗೆ ಅದೇ ಸಂತೋಷ.

ಫ್ರೇಮಿಗೆ ಅಳತೆ ಕೊಡುವ ದಿನ ಬಂತು. ಯೋಗೇಶ್ ಒಂದು ಕಾಗದ ಕಳಿಸಿದ್ದ: ಕಾಲಿನ ಒಳ ಉದ್ದ, ಮೈಯ ಉದ್ದ, ತೋಳಿನ ಉದ್ದ. ಶೆಡ್ಡಿಗೆ ಬಂದರೆ ನಾನೇ ಅಳೆಯುತ್ತೇನೆ, ಇಲ್ಲವೇ ಮನೆಯಲ್ಲಿ ಯಾರಾದರೂ ಸರಿಯಾಗಿ ಅಳೆದರೂ ಆದೀತು ಎಂದಿದ್ದ. ಶೆಡ್ಡಿಗೆ ಹೋಗುವ ಮಾತನ್ನೇ ಪರಮೇಶ್ವರಪ್ಪನವರು ಎತ್ತಗೊಡಲಿಲ್ಲ.

“ಮೂವತ್ತನಾಲ್ಕು ವರ್ಷ ಅಳೆದಿದೀನಿ. ನಾನು ಕೆತ್ತಿದ ಮಾದರಿ ಒಂದೂ ವಾಪಸು ಬರಲಿಲ್ಲ. ನನ್ನ ಮೊಮ್ಮಗಳ ಕಾಲು ಅಳೆಯೋಕೆ ಹೊರಗಿನವನು ಬೇಕಾ?”

ಮಂಚದ ಕೆಳಗಿಂದ ಟ್ರಂಕು ಎಳೆದರು. ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎರಡಡಿಯ ಉಕ್ಕಿನ ಸ್ಕೇಲು ತೆಗೆದರು. ನಿವೃತ್ತಿಯ ದಿನ ಶಾಪಿನ ಗೆಳೆಯರು, ದಿನವೂ ಹಿಡಿದ ಇದೇ ನಿಮಗೆ ನೆನಪಿರಲಿ ಎಂದು ಕೊಟ್ಟು ಕಳಿಸಿದ್ದ ಸ್ಕೇಲು. ಮೇಲಿನ ಅಕ್ಷರಗಳೆಲ್ಲ ಸವೆದು ಹೋಗಿದ್ದವು, ಗೆರೆಗಳು ಮಾತ್ರ ಚೆನ್ನಾಗಿದ್ದವು. ಅದನ್ನು ಹಿಡಿದ ಕೂಡಲೇ ಅವರ ಬೆನ್ನೇ ನೆಟ್ಟಗಾಯಿತು. ಅಮೂಲ್ಯಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತೊಡೆಯ ನಡುವೆ ದಪ್ಪ ಪುಸ್ತಕ ಹಿಡಿಸಿ, ಅದರ ಅಂಚಿಗೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ, ನೆಲದಿಂದ ಅಲ್ಲಿಗೆ ಮೂರು ಸಲ ಅಳೆದರು. ಏಳುನೂರ ಎಂಬತ್ತನಾಲ್ಕು ಮಿಲಿಮೀಟರ್. ಮೂರು ಸಲವೂ ಅಷ್ಟೇ.

“ನೋಡ್ದ್ಯಾ? ಕೈ ಇನ್ನೂ ಅಲ್ಲಾಡಲ್ಲ” ಎಂದು ಹೆಂಡತಿಗೆ ಹೇಳಿದರು.

ಬಣ್ಣ ಹೊಡೆಸಿ ವರ್ಷವೂ ಆಗದ ಗೋಡೆಗೆ ಪೆನ್ಸಿಲ್ ಗೀಚಿದ್ದಕ್ಕೆ ವೀರಮ್ಮ ಸಹಸ್ರನಾಮ ಶುರುಮಾಡಿದ್ದಳು. ಜಲಜ ಆ ಸಮಯ ನೋಡಿ, ಮಾವ ಹೇಗೂ ಸ್ಕೇಲು ತೆಗೆದಿದ್ದಾರೆ, ಅಡುಗೆಮನೆ ಕಿಟಕಿಯನ್ನೂ ಅಳೆದುಕೊಟ್ಟರೆ ಸೊಳ್ಳೆ ಜಾಲರಿ ಮಾಡಿಸಬಹುದು ಎಂದಳು. ಅದನ್ನೂ ಅಳೆದುಕೊಟ್ಟರು. ಮನೆಯಲ್ಲಿ ಇನ್ನೇನಾದರೂ ಅಳೆಯುವುದಿದೆಯೇ ಎಂದು ಸಂಜೆಯವರೆಗೂ ಕೇಳುತ್ತಲೇ ಇದ್ದರು.

ಅಮೂಲ್ಯ ಅಳತೆಯ ಕಾಗದದ ಜೊತೆ ಮೂವತ್ತೈದು ಸಾವಿರ ಮುಂಗಡವನ್ನೂ ಯೋಗೇಶನಿಗೆ ಕೊಟ್ಟಳು. ಅವತ್ತು ರುದ್ರೇಶ್ ಊಟಕ್ಕೆ ತಡವಾಗಿ ಬಂದ. ಮಜ್ಜಿಗೆಗೂ ಕಾಯದೆ ಎದ್ದ.

ಮೂರು ವಾರ ಕಳೆಯಿತು. ಕೊಳವೆಗಳು ಬಂದಿವೆ, ಕತ್ತರಿಸುತ್ತಿದ್ದೇನೆ ಎಂದು ಯೋಗೇಶ್ ಫೋಟೋ ಕಳಿಸಿದ. ಪರಮೇಶ್ವರಪ್ಪನವರಿಗೆ ಫೋಟೋ ಸಾಲಲಿಲ್ಲ. ಒಂದು ಗುರುವಾರ ಬೆಳಿಗ್ಗೆ, ಕಾರ್ಖಾನೆಯ ಹಳೆಯ ಗೆಳೆಯ ಶೇಷಪ್ಪನನ್ನು ನೋಡಿಕೊಂಡು ಬರುತ್ತೇನೆ ಎಂದು ಹೆಂಡತಿಗೆ ಹೇಳಿ, ಸ್ಕೇಲನ್ನು ಚೀಲದಲ್ಲಿಟ್ಟುಕೊಂಡು ಭದ್ರಾವತಿ ಬಸ್ಸು ಹತ್ತಿದವರು ಮಾಚೇನಹಳ್ಳಿಯಲ್ಲೇ ಇಳಿದರು. ಎಷ್ಟೋ ವರ್ಷದ ಮೇಲೆ ಕಬ್ಬಿಣದ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಅವರಿಗೆ ಖುಷಿಯೋ ಖುಷಿ.

ಶೆಡ್ಡಿನಲ್ಲಿ ಯೋಗೇಶ್ ಇರಲಿಲ್ಲ. ನಾದಿನಿಯ ಮನೆಯ ಗೃಹಪ್ರವೇಶಕ್ಕೆಂದು ದಾವಣಗೆರೆಗೆ ಹೋದವನು ಶನಿವಾರ ರಾತ್ರಿ ಬರುತ್ತಾನೆ ಎಂದು ಬೀಗದ ಕೈ ಇಟ್ಟುಕೊಂಡಿದ್ದ ಪಕ್ಕದ ಲೇಥಿನವನು ಹೇಳಿದ. ಹಿರಿಯರು ಬಂದಿದ್ದಾರೆಂದು ಬಾಗಿಲು ತೆಗೆದುಕೊಟ್ಟ. ಮೇಜಿನ ಮೇಲೆ ಕತ್ತರಿಸಿದ ಮೂರು ಕೊಳವೆಗಳು, ಒಂದೊಂದರ ಮೇಲೂ ಅಮೂಲ್ಯ ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಗೋಡೆಗೆ ನಕ್ಷೆ ಸಿಕ್ಕಿಸಿತ್ತು. ಮೇಲಿನ ಕೊಳವೆ ಐನೂರ ನಲವತ್ತು ಇರಬೇಕು. ಪರಮೇಶ್ವರಪ್ಪನವರು ಸ್ಕೇಲು ಹಿಡಿದರು. ಐನೂರ ಇಪ್ಪತ್ತೊಂಬತ್ತು. ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿದರು. ಉಳಿದ ಎರಡನ್ನೂ ಅಳೆದರು. ಮೂರೂ ಕಮ್ಮಿ.

ಕಳ್ಳ ಸಿಕ್ಕಿಬಿದ್ದ ಎನ್ನುವಂಥ ಸಂಭ್ರಮ ಅವರ ಮೈಯೆಲ್ಲ ಹರಡಿತು. ಬೇಸರವಾಗಬೇಕಿತ್ತು, ಆದರೆ ಮೊದಲು ಆದದ್ದು ಸಂಭ್ರಮವೇ. ನಾನು ಬಾರದೇ ಇದ್ದಿದ್ದರೆ ಮೊಮ್ಮಗಳ ಎರಡು ವರ್ಷದ ದುಡ್ಡು ನೀರುಪಾಲಾಗುತ್ತಿತ್ತು ಎಂದುಕೊಂಡು ಅಲ್ಲಿಂದಲೇ ಮಗನಿಗೆ ಫೋನು ಹಚ್ಚಿದರು. ಈ ಯೋಗೇಶ ಕಳ್ಳ, ಕೊಳವೆಯಲ್ಲಿ ಉಳಿಸಿಕೊಳ್ಳುತ್ತಾನೆ ಎಂದೂ ಪಕ್ಕದ ಲೇಥಿನವನಿಗೆ ಕೇಳುವ ಹಾಗೆ ಹೇಳಿದರು.

ಸಂಜೆ ಮನೆಯಲ್ಲಿ ಅವರೇ ರಾಜ. ಕಾಫಿಯ ಜೊತೆ ಕೇಳದೆಯೇ ಕೋಡುಬಳೆ ಬಂತು. ಈ ವಯಸ್ಸಿನಲ್ಲೂ ಇವರ ಕಣ್ಣು ತಪ್ಪಿಸೋಕೆ ಆಗಲ್ಲ ಎಂದು ವೀರಮ್ಮ ಪಕ್ಕದ ಮನೆಯವರಿಗೂ ಕೇಳುವಂತೆ ಹೇಳಿದಳು. ಎಲ್ಲರಿಗಿಂತ ಚುರುಕಾದವನು ರುದ್ರೇಶ್. ಯೋಗೇಶನಿಗೆ ಫೋನು ಮಾಡಿ ಮುಂಗಡ ವಾಪಸು ಕೊಡು ಎಂದ. ನಾನು ನಕ್ಷೆಯಂತೆಯೇ ಕತ್ತರಿಸಿದ್ದೇನೆ ಸಾರ್, ಭಾನುವಾರ ಬನ್ನಿ, ನನ್ನೆದುರಿಗೆ ಅಳೆಯಿರಿ, ತಪ್ಪಿದ್ದರೆ ಪೂರ್ತಿ ಕೊಡುತ್ತೇನೆ ಎಂದು ಆ ಕಡೆಯಿಂದ ಉತ್ತರ ಬಂತು. ರುದ್ರೇಶ್ ಫೋನು ಇಟ್ಟವನೇ ಶೀಟಿನವನಿಗೆ ಫೋನು ಮಾಡಿ, ಸೋಮವಾರ ಬಂದು ಅಂದಾಜು ಕೊಡು ಎಂದ. ಬಂದಿರುವ ಗೇರು ಚಕ್ರ ಎಲ್ಲ ಮಾರಿಬಿಟ್ಟರೆ ರೂಮಿಗೆ ಬಾಗಿಲೂ ಆಗುತ್ತದೆ ಎಂದು ಲೆಕ್ಕ ಹಾಕಿದ.

ಅಮೂಲ್ಯ ತಟ್ಟೆಯಲ್ಲಿದ್ದ ಅನ್ನ ಕಲಸುತ್ತಲೇ ಇದ್ದಳು.

“ಯೋಗೇಶ್ ಅವ್ರು ಹಾಗೆ ಮಾಡೋರಲ್ಲ ಅಪ್ಪ.”

“ಹಾಗಾದ್ರೆ ನಿಮ್ಮಜ್ಜನ ಅಳತೆ ತಪ್ಪಾ? ಹೇಳು.”

ಅವಳು ಅಜ್ಜನ ಕಡೆ ನೋಡಿದಳು. ಇಲ್ಲ ಎಂದು ತಲೆ ಆಡಿಸಿ ಎದ್ದುಹೋದಳು. ಪರಮೇಶ್ವರಪ್ಪನವರಿಗೆ ಆಗ ಮೊದಲ ಸಲ ಕಸಿವಿಸಿಯಾಯಿತು. ಸೈಕಲ್ಲು ಉಳಿಸೋಣವೆಂದು ಹೋದವರು ಅವರು. ಮಗ ಅದನ್ನೇ ಹಿಡಿದು ಸೈಕಲ್ಲನ್ನೇ ಮುಗಿಸುತ್ತಿದ್ದ.

ಮರುದಿನ ಮಧ್ಯಾಹ್ನ ಸೊಳ್ಳೆ ಜಾಲರಿ ಬಂತು. ಅಂಗಡಿಯವನೇ ಬಂದು ಕಿಟಕಿಗೆ ಹಿಡಿದು ನೋಡಿದ. ಎರಡು ಪಕ್ಕದಲ್ಲೂ ಬೆರಳು ತೂರುವಷ್ಟು ಸಂದು. ಸೊಳ್ಳೆಯಿರಲಿ, ಹಲ್ಲಿಯೂ ಬರುತ್ತದೆ ಎಂದು ಜಲಜ ಗೊಣಗಿದಳು. ಪರಮೇಶ್ವರಪ್ಪನವರು ನಿನ್ನೆಯ ಉಮೇದಿನಲ್ಲೇ ಸ್ಕೇಲು ಹಿಡಿದು ಬಂದರು, ಇವನಿಗೂ ಬುದ್ಧಿ ಕಲಿಸೋಣವೆಂದು. ಜಾಲರಿ ಅಳೆದರು. ತಾವು ಬರೆದುಕೊಟ್ಟದ್ದು ಒಂಬೈನೂರು. ಸ್ಕೇಲು ತೋರಿಸಿದ್ದು ಎಂಟುನೂರ ಎಂಬತ್ತೆರಡು.

ಅಂಗಡಿಯವನು ಸೊಂಟದಿಂದ ಟೇಪು ತೆಗೆದು ಜಾಲರಿಯ ಮೇಲೆ ಎಳೆದ. ಸರಿಯಾಗಿ ಒಂಬೈನೂರು.

“ನಿಮ್ಮ ಸ್ಕೇಲ್ ಯಾವ್ದು ಯಜಮಾನ್ರೇ?” ಎಂದು ಮೆತ್ತಗೆ ಕೇಳಿದ.

ನಿನ್ನ ಟೇಪು ಜಗ್ಗಿ ಜಗ್ಗಿ ಕೆಟ್ಟಿದೆ ಎಂದು ಇವರು ಗದರಿಸಿ ಕಳಿಸಿದರು. ಆದರೆ ಅವನು ಹೋದ ಮೇಲೆ ಜಾಲರಿಯನ್ನು ಇನ್ನೊಮ್ಮೆ ಅಳೆದು ನೋಡಿದರು. ಎರಡು ದಿನದಲ್ಲಿ ಇಬ್ಬರ ಕೆಲಸ ತಪ್ಪು, ಇಬ್ಬರದೂ ಒಂದೇ ಲೆಕ್ಕದಲ್ಲಿ ತಪ್ಪು.

ಶನಿವಾರ ಬೆಳಿಗ್ಗೆ ನಿಜವಾಗಿಯೇ ಶೇಷಪ್ಪನ ಮನೆಗೆ ಹೋದರು. ಭದ್ರಾವತಿಯ ಹಳೇನಗರದಲ್ಲಿ ಅವನ ಮನೆ. ಪ್ಯಾಟರ್ನ್ ಶಾಪಿನಲ್ಲಿ ಇವರ ಪಕ್ಕದ ಮೇಜಿನವನು. ಕಾಫಿ ಬರುವ ಮೊದಲೇ ಇವರು ಸ್ಕೇಲು ಅವನ ಕೈಗಿಟ್ಟು, ಇದು ಸರಿಯಿದೆಯೇ ನೋಡು ಎಂದರು. ಶೇಷಪ್ಪ ಅದನ್ನು ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಏನು ಅಳೆದೆ ಇದರಲ್ಲಿ ಎಂದು ಕೇಳಿದ. ಮೊಮ್ಮಗಳನ್ನು ಎಂದರು. ಶೇಷಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಇದು ಶ್ರಿಂಕೇಜ್ ಸ್ಕೇಲ್ ಅಲ್ವೇನೋ ಮಾರಾಯ! ಉಕ್ಕಿಂದು. ನೂರಕ್ಕೆ ಎರಡು ಉದ್ದ. ಅವಳನ್ನೇನು ಕರಗಿಸಿ ಎರಕ ಹೊಯ್ತೀಯಾ?”

ಪರಮೇಶ್ವರಪ್ಪನವರಿಗೆ ಎಲ್ಲವೂ ಒಟ್ಟಿಗೆ ನೆನಪಾಯಿತು. ಕರಗಿದ ಉಕ್ಕು ಆರುವಾಗ ಕುಗ್ಗುತ್ತದೆ. ಆದ್ದರಿಂದ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಕೆತ್ತಬೇಕು. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು, ಗೆರೆಗಳನ್ನೇ ದೂರ ದೂರ ಹಾಕಿದ ಸ್ಕೇಲು ಕೊಡುತ್ತಿದ್ದರು. ಆ ಸ್ಕೇಲಿನಲ್ಲಿ ನೂರು ಎಂದರೆ ನಿಜದಲ್ಲಿ ನೂರಾ ಎರಡು. ಶಾಪಿನೊಳಗೆ ಅದೇ ಸರಿಯಾದ ಸ್ಕೇಲು. ಮೂವತ್ತನಾಲ್ಕು ವರ್ಷ ಬೇರೆ ಸ್ಕೇಲು ಅವರು ಮುಟ್ಟಿರಲಿಲ್ಲ. ಅದು ಬೇರೆಯವರ ಸ್ಕೇಲಿನಂತಲ್ಲ ಎನ್ನುವುದನ್ನೇ ಮರೆಯುವಷ್ಟು ಕಾಲ ಅದನ್ನು ಹಿಡಿದಿದ್ದರು.

ಹಾಗಾದರೆ ಯೋಗೇಶನ ಕೊಳವೆ ನಕ್ಷೆಗೆ ಸರಿಯಾಗಿಯೇ ಇದೆ. ನಕ್ಷೆಯೇ ಅಮೂಲ್ಯಳಿಗೆ ಚಿಕ್ಕದು. ಏಕೆಂದರೆ ಅವಳನ್ನು ಚಿಕ್ಕದಾಗಿ ಅಳೆದುಕೊಟ್ಟವರು ಇವರು. ಶೇಷಪ್ಪನ ಹೆಂಡತಿ ತಂದ ಕಾಫಿಯನ್ನು ಅರ್ಧಕ್ಕೇ ಇಟ್ಟು ಎದ್ದರು.

ವಾಪಸು ಬರುವ ಬಸ್ಸು ಮಾಚೇನಹಳ್ಳಿಯಲ್ಲಿ ನಿಂತಿತು. ಲೇಥಿನವನಿಗಾದರೂ ಹೇಳಿಹೋಗೋಣ ಎಂದು ಸೀಟಿನಿಂದ ಅರ್ಧ ಎದ್ದರು. ಕಂಡಕ್ಟರ್ ಇಳಿಯೋದಾ ಎಂದು ಕೇಳಿದಾಗ ಇಲ್ಲ ಎಂದು ಕೂತುಬಿಟ್ಟರು. ಮನೆಗೆ ಬಂದ ಮೇಲೂ ಬಾಯಿ ಬರಲಿಲ್ಲ. ಹೇಳದೇ ಇದ್ದರೂ ನಡೆಯುತ್ತದೆ ಎಂಬ ಯೋಚನೆಯೂ ಬಂದು ಹೋಯಿತು: ಹೊಟ್ಟೆನೋವು ಎಂದು ನಾಳೆ ಹೋಗದೆ ಉಳಿದರಾಯಿತು, ಸ್ಕೇಲು ಕಳೆದುಹೋಯಿತು ಎಂದರಾಯಿತು, ಯೋಗೇಶನಿಗೂ ಮಗನಿಗೂ ಜಗಳವಾಗಿ ಮುಂಗಡ ವಾಪಸು ಬಂದು ಎಲ್ಲ ಮುಗಿದುಹೋಗುತ್ತದೆ. ಅಷ್ಟರಲ್ಲಿ ಅಮೂಲ್ಯ ಬೀರುವಿನ ಬಾಗಿಲ ಹತ್ತಿರ ನಿಂತಿರುವುದು ಕಾಣಿಸಿತು. ಮೂವತ್ತೊಂದರಲ್ಲಿ ಇಪ್ಪತ್ತಾರಕ್ಕೆ ಹಸಿರು ಗುರುತು ಬಿದ್ದಿದ್ದ ಆ ಪಟ್ಟಿಯ ಅಂಟನ್ನು ಅವಳು ಉಗುರಿನಿಂದ ಬಿಡಿಸುತ್ತಿದ್ದಳು.

“ಅದನ್ನ ಯಾಕಮ್ಮ ತೆಗೀತೀಯ? ನಾಳೆವರೆಗೂ ಇರಲಿ” ಎಂದರು. ಅವಳು ಕೈ ಬಿಟ್ಟಳು.

ಭಾನುವಾರ ಅಜ್ಜ, ಮಗ, ಮೊಮ್ಮಗಳು ಮೂವರೂ ಕಾರಿನಲ್ಲಿ ಹೊರಟರು. ರುದ್ರೇಶ್ ಉದ್ದಕ್ಕೂ ತಾನು ಆಡಬೇಕಾದ ಮಾತನ್ನು ಗಟ್ಟಿಯಾಗಿ ರೂಢಿ ಮಾಡಿಕೊಳ್ಳುತ್ತಿದ್ದ. ಅಮೂಲ್ಯಳ ತೊಡೆಯ ಮೇಲೆ ಕಾರ್ಖಾನೆಯಿಂದ ತಂದ, ಸೂಕ್ಷ್ಮ ಅಳತೆಯ ವರ್ನಿಯರ್ ಕ್ಯಾಲಿಪರಿನ ಪೆಟ್ಟಿಗೆ. ಶೆಡ್ಡಿನ ಬಾಗಿಲಲ್ಲಿ ಯೋಗೇಶ್ ಕಾದಿದ್ದ. ಪ್ರಯಾಣದ ಸುಸ್ತು, ಅದರ ಮೇಲೆ ಲೇಥಿನವನು ಮುಟ್ಟಿಸಿದ್ದ ಮಾತು. ಅವನ ಮುಖ ಬಿಗಿದುಕೊಂಡಿತ್ತು. ಕೂರಿ ಎಂದು ಸ್ಟೂಲು ಎಳೆದ, ಅಷ್ಟೇ.

“ನೋಡಪ್ಪ, ನಮ್ಮ ತಂದೆ ಎಂಥಾ ಕೆಲಸಗಾರ ಅಂತ ನಿಂಗೆ ಗೊತ್ತಿಲ್ಲ” ಎಂದು ರುದ್ರೇಶ್ ಶುರುಮಾಡಿದ.

“ರುದ್ರೇಶ, ನಿಲ್ಸು” ಎಂದರು ಪರಮೇಶ್ವರಪ್ಪ.

ಸ್ಟೂಲಿನ ಮೇಲೆ ಕೂರದೆ ನಿಂತೇ, ಚೀಲದಿಂದ ಸ್ಕೇಲು ತೆಗೆದು ಯೋಗೇಶನ ಮೇಜಿನ ಮೇಲಿಟ್ಟರು. ನಿನ್ನ ಸ್ಕೇಲನ್ನು ಇದರ ಪಕ್ಕದಲ್ಲಿಡು ಎಂದರು. ಅವನು ಇಟ್ಟ. ಸೊನ್ನೆ ಸೊನ್ನೆಗೆ ಕೂಡಿಸಿದ. ಆ ತುದಿಗೆ ಹೋಗುವಷ್ಟರಲ್ಲಿ ಎರಡರ ಗೆರೆಗಳೂ ಹನ್ನೆರಡು ಮಿಲಿಮೀಟರ್ ದೂರವಾಗಿದ್ದವು. ಅಮೂಲ್ಯ ಬಗ್ಗಿ ನೋಡಿದಳು. ಅವಳಿಗೆ ಹೇಳುವುದು ಬೇಕಾಗಲಿಲ್ಲ, ದಿನವೂ ಅದೇ ಕೆಲಸ ಮಾಡುವವಳು. ರುದ್ರೇಶನಿಗೆ ಮಾತ್ರ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು: ಉಕ್ಕು ಕುಗ್ಗುವುದು, ಸ್ಕೇಲು ಹಿಗ್ಗಿರುವುದು, ಕಾಲು, ಕಿಟಕಿ, ಕೊಳವೆ. ಅದನ್ನು ಮುಗಿಸಿ ಪರಮೇಶ್ವರಪ್ಪನವರು ಯೋಗೇಶನ ಕಡೆ ತಿರುಗಿದರು.

“ನಿನ್ನ ಕೆಲಸ ಸರಿ ಇತ್ತು ಯೋಗೇಶ. ನಾನು ನಾಲ್ಕು ಜನರ ಮುಂದೆ ಕಳ್ಳ ಅಂದೆ. ತಪ್ಪಾಯ್ತು ಮಾರಾಯ.”

ರುದ್ರೇಶ್ ಅಪ್ಪನನ್ನೇ ನೋಡುತ್ತ ನಿಂತ. ಐವತ್ತು ವರ್ಷದಲ್ಲಿ ಆ ಬಾಯಿಂದ ಆ ಮಾತು ಅವನು ಕೇಳಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ನಾಲಿಗೆಯ ತಪ್ಪಲ್ಲ, ಉಪ್ಪಿನ ತಪ್ಪು ಎನ್ನುವ ಮನುಷ್ಯ ಅದು.

ಮೊದಲು ಮಾತಾಡಿದವಳು ಅಮೂಲ್ಯ. ಅವಳಿಗೆ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡಲಿಲ್ಲ. ಮೂರು ದಿನ ಊಟ ಸೇರಲಿಲ್ಲ ನನಗೆ ಅಜ್ಜ, ನಿನ್ನೆಯೇ ಹೇಳಬಹುದಿತ್ತು ಎಂದಳು. ಹೇಳಬಹುದಿತ್ತು ಎಂದು ಅವರು ಒಪ್ಪಿಕೊಂಡರು. ಆ ಸ್ಕೇಲನ್ನು ಕೈಗೆತ್ತಿಕೊಂಡು ಅವಳೇ ಅಂದಳು: “ಕಾರ್ಖಾನೇಲಿ ನಾನು ಸ್ಕೇಲು ಚೆಕ್ ಮಾಡದೆ ಒಂದು ಪೀಸೂ ಮುಟ್ಟಲ್ಲ. ನಿಮ್ಮದನ್ನ ಚೆಕ್ ಮಾಡಬೇಕು ಅಂತ ತಲೆಗೇ ಬರ್ಲಿಲ್ಲ. ಅದು ನನ್ನ ತಪ್ಪು.”

ಯೋಗೇಶನ ಮುಖ ಸಡಿಲವಾಯಿತು. ನಾನೂ ಒಮ್ಮೆ ಕರೆಸಿ ಅಳೆಯಬೇಕಿತ್ತು, ಆ ಕಾಗದದ ಅಂಕಿಗಳು ಎಷ್ಟು ಚೆಂದ ಇದ್ದವೆಂದರೆ ನಂಬಿಬಿಟ್ಟೆ ಎಂದ. ಇನ್ನೂ ಬೆಸುಗೆ ಬಿದ್ದಿಲ್ಲವಾದ್ದರಿಂದ ಕೊಳವೆಗಳು ಹಾಳಾಗಿಲ್ಲ, ಇವಳಿಗಿಂತ ಗಿಡ್ಡ ಇರುವ ಗಿರಾಕಿಗೆ ಬರುತ್ತವೆ. ಹೊಸ ಮೂರಕ್ಕೆ ಎಂಟು ಸಾವಿರ, ಮೂರು ವಾರ. ಆ ದುಡ್ಡು ನನ್ನ ಪೆನ್ಷನ್‌ದು ಎಂದರು ಅಜ್ಜ. ಅರ್ಧ ನನ್ನದು ಎಂದಳು ಮೊಮ್ಮಗಳು. ಇಬ್ಬರೂ ಅಲ್ಲೇ ಚೌಕಾಸಿಗೆ ನಿಂತರು. ಮುಂಗಡ ವಾಪಸು ಕೇಳಲು ಬಂದಿದ್ದ ರುದ್ರೇಶನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಹೊಸದಾಗಿ ಅಳತೆ ತಗೋಬೇಕಲ್ಲ ಎಂದು ಯೋಗೇಶ್ ತನ್ನ ಟೇಪನ್ನು ಮರ್ಯಾದೆಯಿಂದಲೇ ಹಿರಿಯರ ಮುಂದೆ ಹಿಡಿದ. ಪರಮೇಶ್ವರಪ್ಪನವರ ಕೈ ಮುಂದೆ ಬರಲಿಲ್ಲ. ನೀನೇ ಅಳೆಯಪ್ಪ ಎಂದು ಮುಖ ಬೇರೆ ಕಡೆ ತಿರುಗಿಸಿದರು.

ಆ ಟೇಪನ್ನು ತೆಗೆದುಕೊಂಡವನು ರುದ್ರೇಶ್.

“ಎಲ್ಲಿಂದ ಹಿಡೀಬೇಕು, ಹೇಳ್ಕೊಡಿ ಅಪ್ಪಾಜಿ.”

ಅಮೂಲ್ಯ ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ನಿಂತಳು. ಪುಸ್ತಕವಿರಲಿಲ್ಲ, ಒಂದು ಮರದ ಹಲಗೆ ಸಿಕ್ಕಿತು. ರುದ್ರೇಶ್ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲೇ ಕಬ್ಬಿಣದ ಪುಡಿಯ ನೆಲಕ್ಕೆ ಮಂಡಿಯೂರಿ ಕೂತ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಶೀಟಿನವನೇ ಇರಬೇಕು. ಎರಡು ಕೈಯಲ್ಲೂ ಟೇಪು ಹಿಡಿದಿದ್ದವನು ಅದನ್ನು ತೆಗೆಯಲಿಲ್ಲ. ಹಿಂದಿನಿಂದ ಅಪ್ಪ, ನೆಲಕ್ಕೆ ಒತ್ತಿ ಹಿಡಿ, ಸೊಟ್ಟ ಆಯ್ತು, ಗೆರೆಗೆ ನೇರ ಕಣ್ಣಿಡು ಎಂದು ಹೇಳುತ್ತ ಹೇಳುತ್ತ ಹತ್ತಿರ ಬಂದು ಬಗ್ಗಿದ್ದರು.

“ಎಂಟುನೂರು” ಅಂದ ರುದ್ರೇಶ್.

“ಇನ್ನೊಂದ್ಸಲ.”

ಮತ್ತೆ ಅಳೆದ. ಎಂಟುನೂರು.

“ಇನ್ನೊಂದ್ಸಲ ನೋಡೋ” ಎಂದರು ಪರಮೇಶ್ವರಪ್ಪ, ಜೇಬಿನಿಂದ ಪೆನ್ನು ತೆಗೆಯುತ್ತ. ಮಗ ಗೊಣಗದೆ ಮೂರನೇ ಸಲ ಟೇಪು ನೆಲಕ್ಕಿಟ್ಟ.